ಪೈಕಾನ್ ಇಂಡಿಯಾಕ್ಕೆ ಮೊದಲ ಸಲ ಹೋಗುವವರಿಗೆ

ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿರುವ, ಅಥವಾ ಕೆಲಸಕ್ಕೆ ಸೇರಿ ಒಂದೆರಡು ವರ್ಷ ಕಳೆದಿರುವ ತರುಣ ತರುಣಿಯರು ಶಿವಮೊಗ್ಗೆಯಿಂದಲೋ ಹುಬ್ಬಳ್ಳಿಯಿಂದಲೋ ರಾತ್ರಿಯ ಬಸ್ಸು ಹತ್ತಿ, ಕೈಯಿಂದ ಹಣ ತೆತ್ತು, ಸಾಫ್ಟ್‌ವೇರ್ ತಜ್ಞರ ವಾರ್ಷಿಕ ಸಮ್ಮೇಳನಕ್ಕೆ ಬಂದು, ಎರಡು ದಿನ ಒಂದು ಸಭಾಂಗಣದಿಂದ ಮತ್ತೊಂದಕ್ಕೆ ಅಲೆದು, ಅರ್ಧಂಬರ್ಧ ಅರ್ಥವಾದ ಭಾಷಣಗಳನ್ನು ಸಾಲಾಗಿ ಕೇಳಿ, ಮಳಿಗೆಗಳಲ್ಲಿ ಕೊಟ್ಟ ಸ್ಟಿಕ್ಕರುಗಳನ್ನು ಚೀಲಕ್ಕೆ ಸೇರಿಸಿ, ಯಾರೊಬ್ಬರೊಡನೆಯೂ ಮನಬಿಚ್ಚಿ ಮಾತನಾಡದೆ ಹಿಂದಿರುಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹೋದ ಪುಟ್ಟ ಬಂದ ಪುಟ್ಟ ಎಂಬಂತಾಗುವ ಈ ಪ್ರಯಾಣದಲ್ಲಿ ದೋಷವು ಹೋದವರದು ಮಾತ್ರವಲ್ಲ; ಇಂಥ ಸಭೆ ಯಾರಿಗಾಗಿ ನೆರೆಯುತ್ತದೆಂಬುದನ್ನು ಅವರಿಗೆ ಯಾರೂ ತಿಳಿಸಿರುವುದಿಲ್ಲ, ಎಷ್ಟೋ ವೇಳೆ ಸಭೆಯನ್ನು ನೆರೆಸಿದವರೂ ಅದನ್ನು ನಿಶ್ಚಯಿಸಿಕೊಂಡಿರುವುದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಅಭಿವೃದ್ಧಿಕಾರರ ಸಮ್ಮೇಳನವು ಹಣ ಕೊಟ್ಟ ಪ್ರಾಯೋಜಕನಿಗಾಗಲಿ, ವೇದಿಕೆಯೇರಿದ ಭಾಷಣಕಾರನಿಗಾಗಲಿ ಸೇರಿದ್ದಲ್ಲ, ಯಾರ ಪರಿಚಯವೂ ಇಲ್ಲದೆ ಒಬ್ಬಂಟಿಯಾಗಿ ಬಂದು ಹಿಂದಿನ ಸಾಲಿನಲ್ಲಿ ಕುಳಿತಿರುವ ಹೊಸಬನಿಗೆ, ಹೊಸಬಳಿಗೆ ಸೇರಿದ್ದು. ಆ ಹಕ್ಕನ್ನು ಅವರು ಬಳಸಿಕೊಳ್ಳುವ ಬಗೆ ಹೇಗೆಂಬುದೇ ಈ ಲೇಖನದ ವಿಷಯ.

ಸ್ವಲ್ಪ ಪೂರ್ವವೃತ್ತಾಂತ

ಪೈಕಾನ್ ಎಂಬುದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಬಳಸುವವರ ಸಮ್ಮೇಳನ. ಆ ಭಾಷೆ ಲೋಕಕ್ಕೆ ಪ್ರಕಟವಾದದ್ದು 1991ರಲ್ಲಿ. ಅದನ್ನು ಬಳಸುವವರ ಮೊದಲ ಕೂಟ 1994ರ ನವೆಂಬರಿನಲ್ಲಿ ಅಮೆರಿಕದ ಮೇರಿಲ್ಯಾಂಡ್ ಪ್ರಾಂತದ ಗೇಥರ್ಸ್‌ಬರ್ಗಿನಲ್ಲಿ ನಡೆದಾಗ ಸೇರಿದ್ದವರು ಸುಮಾರು 20 ಮಂದಿ. ಭಾಷೆಯ ಕರ್ತೃ ಗೀಡೋ ವಾನ್ ರಾಸಮ್ ಅವರೂ ಆ ಗುಂಪಿನಲ್ಲಿ ಒಬ್ಬರು. ಅಷ್ಟು ಜನರ ಕೂಟದಲ್ಲಿ ಹೇಳುವವನು ಯಾರು, ಕೇಳುವವನು ಯಾರು ಎಂಬ ಭೇದವೇ ಏಳುವುದಿಲ್ಲ. 2003ರಲ್ಲಿ ವಾಷಿಂಗ್ಟನ್ ನಗರದಲ್ಲಿ ಪೈಕಾನ್ ಎಂಬ ಹೆಸರಿನ ಸಮ್ಮೇಳನ ಆರಂಭವಾಗಿ, 2008ರಲ್ಲಿ ಚಿಕಾಗೋದಲ್ಲಿ ಸಾವಿರ ಮಂದಿಗೂ ಮೇಲ್ಪಟ್ಟು ನೆರೆದಾಗ ಆ ಭೇದ ತಲೆಯೆತ್ತಿತು. ಆ ವರ್ಷ ಪ್ರಾಯೋಜಕ ಸಂಸ್ಥೆಗಳ ಪ್ರಚಾರಭಾಷಣಗಳು ಸರ್ವಸಭೆಯ ಹೊತ್ತನ್ನೂ, ಸಭಿಕರಿಗೆಂದೇ ಮೀಸಲಾಗಿದ್ದ ಐದು ನಿಮಿಷದ ಮಿಂಚುಭಾಷಣಗಳ ಹೊತ್ತನ್ನೂ ಆಕ್ರಮಿಸಿದುವೆಂದು ಪ್ರಸಿದ್ಧ ಗ್ರಂಥಕರ್ತ ಬ್ರೂಸ್ ಎಕೆಲ್ ಬಹಿರಂಗವಾಗಿ ಆಕ್ಷೇಪಿಸಿದರು. ಆ ಆಕ್ಷೇಪ ದೊಡ್ಡ ಚರ್ಚೆಗೆ ಎಡೆಮಾಡಿತು. ಅಮೆರಿಕದ ಪೈಕಾನಿನಲ್ಲಿ ಭಾಷಣಕಾರರೂ ಸಂಘಟಕರೂ ಸಹ ಪ್ರವೇಶಶುಲ್ಕ ಕೊಟ್ಟೇ ಒಳಗೆ ಬರತಕ್ಕದ್ದೆಂಬ ಸಂಪ್ರದಾಯ ಬಹುಕಾಲ ನಡೆದುಬಂದಿತು. ಅದರ ಹಿಂದಿರುವ ತತ್ತ್ವ ಸರಳ: ಎಲ್ಲರೂ ಶುಲ್ಕ ಕೊಟ್ಟವರಾದರೆ ಎಲ್ಲರೂ ಸಭಿಕರೇ, ಅತಿಥಿಗಳೆಂಬ ಪ್ರತ್ಯೇಕ ಪಂಕ್ತಿಯಿಲ್ಲ.

ನಮ್ಮ ಬೆಂಗಳೂರಿಗೂ ಈ ಬಗೆಯ ಕೂಟಗಳ ದೀರ್ಘ ಪರಂಪರೆಯಿದೆ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಿಂದ ಆರಂಭವಾಗಿ, 2005ರಲ್ಲಿ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡ ಸಮ್ಮೇಳನವು ಅತುಲ್ ಚಿಟ್ನಿಸ್ ಅವರ ಮುಂದಾಳುತನದಲ್ಲಿ 2012ರವರೆಗೆ ನಡೆಯಿತು. ಮುಕ್ತ ತಂತ್ರಾಂಶವನ್ನು ಬರಿದೆ ಬಳಸುವುದು ಸಾಲದು, ಅದಕ್ಕೆ ನಾವೂ ಏನನ್ನಾದರೂ ಸೇರಿಸಬೇಕೆಂಬ ಆಗ್ರಹ ಆ ಸಭೆಯ ಕೊನೆಕೊನೆಯ ವರ್ಷಗಳಲ್ಲಿ ಬಲವಾಗಿತ್ತು. ಪೈಕಾನ್ ಇಂಡಿಯಾದ ಮೊದಲ ಸಭೆ 2009ರ ಸೆಪ್ಟೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆರೆಯಿತು. ಬಳಿಕ ಪುಣೆ, ದೆಹಲಿ, ಹೈದರಾಬಾದು, ಚೆನ್ನೈಗಳನ್ನು ಸುತ್ತಿ 2024ರಲ್ಲಿಯೂ 2025ರಲ್ಲಿಯೂ ಮತ್ತೆ ಬೆಂಗಳೂರಿನಲ್ಲಿಯೇ ನಡೆಯಿತು.

ಭಾಷಣಕ್ಕಿಂತ ಬಿಡುವು ಏಕೆ ಮುಖ್ಯ

ಮೊದಲ ಬಾರಿ ಬಂದವರು ಕಾರ್ಯಕ್ರಮಪಟ್ಟಿಯನ್ನು ಪರೀಕ್ಷೆಯ ವೇಳಾಪಟ್ಟಿಯೆಂಬಂತೆ ಕಾಣುತ್ತಾರೆ. ಒಂದು ಗಂಟೆಯೂ ಖಾಲಿ ಹೋಗಬಾರದೆಂದು ಬೆಳಗಿನಿಂದ ಸಂಜೆಯವರೆಗೆ ಕುರ್ಚಿ ಬಿಟ್ಟೇಳುವುದಿಲ್ಲ. ಕೊಟ್ಟ ಹಣಕ್ಕೆ ಪ್ರತಿಫಲ ಪಡೆಯುವ ಬಗೆ ಇದೇ ಎಂಬುದು ಅವರ ಪ್ರಾಮಾಣಿಕ ನಂಬಿಕೆ. ಆದರೆ ಭಾಷಣಗಳನ್ನು ವಿಡಿಯೋದಲ್ಲಿ ಸೆರೆಹಿಡಿದು ಯೂಟ್ಯೂಬಿನಲ್ಲಿ ಪ್ರಕಟಿಸುವುದು ಈಗ ರೂಢಿಯಾಗಿದೆ. ಅರ್ಥವಾಗದ ಎಡೆಯಲ್ಲಿ ನಿಲ್ಲಿಸಿ ಮತ್ತೊಮ್ಮೆ ಕೇಳುವ ಸೌಕರ್ಯವೂ ಅಲ್ಲಿದೆ. ಯಾವ ಕ್ಯಾಮರಾಕ್ಕೂ ಸಿಕ್ಕದೆ ಹೋಗುವುದು ಭಾಷಣ ಮುಗಿದಮೇಲೆ ಬಾಗಿಲ ಬಳಿ ನಡೆಯುವ ಮಾತು. ವೇದಿಕೆಯ ಮೇಲೆ ಭಾಷಣಕಾರರು ತಮ್ಮ ಯೋಜನೆಯ ಫಲವನ್ನು ತೋರಿಸುತ್ತಾರೆ. ಆ ಫಲ ಕೈಸೇರುವ ಮುನ್ನ ಯಾವ ದಾರಿ ಹಿಡಿದು ಕೆಟ್ಟರು, ಯಾವ ಲೈಬ್ರರಿಯನ್ನು ನಂಬಿ ಮೋಸಹೋದರು, ಇಂದು ಮತ್ತೆ ಆರಂಭಿಸುವುದಾದರೆ ಏನನ್ನು ಕೈಬಿಡುತ್ತಿದ್ದರು ಎಂಬುದನ್ನು ಟೀ ಲೋಟ ಕೈಯಲ್ಲಿ ಹಿಡಿದು ನಿಂತಾಗ ಮಾತ್ರ ಹೇಳುತ್ತಾರೆ. ಹೊಸಬರಿಗೆ ಬೇಕಾದದ್ದು ಈ ಎರಡನೆಯ ಜ್ಞಾನ. ಅನುಭವಿಗಳು ಇದನ್ನು ಹಾಲ್‌ವೇ ಟ್ರ್ಯಾಕ್ ಎನ್ನುತ್ತಾರೆ. ಪಟ್ಟಿಯಲ್ಲಿ ಅಚ್ಚಾಗದಿದ್ದರೂ ಸಮ್ಮೇಳನದ ಸಾರಭಾಗ ಅದೇ.

ಹೊರಡುವ ಮುನ್ನ

1. ಟಿಕೆಟನ್ನು ಆದಷ್ಟು ಮುಂಚಿತವಾಗಿ ಕೊಳ್ಳಿ. ಮೊದಲು ಬಂದವರಿಗೂ ವಿದ್ಯಾರ್ಥಿಗಳಿಗೂ ದರ ಕಡಿಮೆಯಿರುವುದು ವಾಡಿಕೆ. ಹಣ ಅಡ್ಡಿಯಾದರೆ ಆರ್ಥಿಕ ನೆರವಿಗೆ ಅರ್ಜಿ ಹಾಕಲು ಸಂಕೋಚಪಡಬೇಡಿ. ಅದು ದಾನವಲ್ಲ, ನಿಮ್ಮಂಥವರು ಬರಲೆಂದೇ ತೆಗೆದಿರಿಸಿದ ನಿಧಿ. ಅರ್ಜಿಯ ಗಡುವು ಸಭೆಗಿಂತ ಬಹಳ ಮುಂಚೆಯೇ ಮುಗಿಯುವುದರಿಂದ ದಿನಾಂಕವನ್ನು ಗಮನಿಸುತ್ತಿರಬೇಕು. ಸ್ವಯಂಸೇವಕರಾಗುವುದು ಮತ್ತೊಂದು ದಾರಿ. ನೋಂದಣಿಯ ಮೇಜಿನ ಬಳಿ ಅರ್ಧ ದಿನ ಕುಳಿತವರಿಗೆ ಮುಖಪರಿಚಯವಾಗುವಷ್ಟು ಬೇರಾರಿಗೂ ಆಗುವುದಿಲ್ಲ.

2. ಭಾಷಣಗಳ ಪಟ್ಟಿ ಪ್ರಕಟವಾದ ಕೂಡಲೆ ದಿನಕ್ಕೆ ಮೂರನ್ನು, ಹೆಚ್ಚೆಂದರೆ ನಾಲ್ಕನ್ನು ಆರಿಸಿಕೊಳ್ಳಿ. ನಿಮ್ಮ ಈಗಿನ ಕೆಲಸಕ್ಕೆ ನೇರವಾಗಿ ತಾಗುವುದೊಂದು, ನಿಮಗೆ ಏನೂ ತಿಳಿಯದ ಕ್ಷೇತ್ರದ್ದೊಂದು ಇರಲಿ. ಉಳಿದ ಹೊತ್ತನ್ನು ಖಾಲಿ ಬಿಡುವುದೇ ಉಪಾಯ.

3. ಆರಿಸಿಕೊಂಡ ಭಾಷಣದ ವಿಷಯವಾದ ಲೈಬ್ರರಿಯನ್ನು ಮನೆಯಲ್ಲಿ ಒಂದು ಸಂಜೆ ಇನ್‌ಸ್ಟಾಲ್ ಮಾಡಿ ಬಳಸಿ ನೋಡಿ, ಎಲ್ಲಿ ತೊಡಕಾಯಿತೆಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಆ ಚೀಟಿ ನಿಮ್ಮ ಪ್ರವೇಶಪತ್ರಕ್ಕಿಂತ ಹೆಚ್ಚು ಬಾಳುತ್ತದೆ. ‘ನಾನು ಪೈಥಾನ್ ಕಲಿಯುತ್ತಿದ್ದೇನೆ, ಏನು ಮಾಡಲಿ?’ ಎಂದು ಕೇಳಿದವರಿಗೆ ಒಂದು ನಗೆಯೂ ಒಂದು ಸಾಮಾನ್ಯ ಉಪದೇಶವೂ ದೊರೆಯುತ್ತದೆ. ‘ನಿಮ್ಮ ಲೈಬ್ರರಿಯಿಂದ ಈ ಕಡತವನ್ನು ಓದಿಸಿದಾಗ ದಿನಾಂಕಗಳು ತಿರುಗುಮುರುಗಾಗುತ್ತವೆ, ಏಕೆ?’ ಎಂದು ಕೇಳಿದವರನ್ನು ಭಾಷಣಕಾರರು ಪಕ್ಕಕ್ಕೆ ಕರೆದು ಲ್ಯಾಪ್‌ಟಾಪ್ ತೆಗೆಯಿರಿ ಎನ್ನುತ್ತಾರೆ. ನಿರ್ದಿಷ್ಟವಾದ ಪ್ರಶ್ನೆ ಕೇಳುವವನ ಶ್ರಮವನ್ನು ತಾನೇ ಸಾರುತ್ತದೆ.

4. ನಾಲ್ಕು ದಿನವೂ ಇರಲು ಆಗುವುದಾದರೆ ಇರಿ. ಇತ್ತೀಚೆಗೆ ಪೈಕಾನ್ ಇಂಡಿಯಾದಲ್ಲಿ ಶುಕ್ರವಾರ ಕಾರ್ಯಾಗಾರಗಳು, ಶನಿವಾರ ಭಾನುವಾರ ಭಾಷಣಗಳು, ಸೋಮವಾರ ಕೂಡಿ ಕುಳಿತು ಕೋಡ್ ಬರೆಯುವ ಡೆವ್‌ಸ್ಪ್ರಿಂಟ್ ಎಂಬ ಕ್ರಮ ಕಾಣುತ್ತದೆ. ಒಂದೇ ದಿನ ಹೆಚ್ಚಾಗಿ ಉಳಿಯಲು ಸಾಧ್ಯವೆನ್ನುವವರು ಕಾರ್ಯಾಗಾರವನ್ನು ಬಿಟ್ಟಾದರೂ ಸೋಮವಾರ ಉಳಿಯತಕ್ಕದ್ದು. ಕಾರಣವನ್ನು ಮುಂದೆ ಹೇಳುತ್ತೇನೆ.

ಸಭೆಯ ದಿನಗಳಲ್ಲಿ

ಗುರುತಿನವರಿಲ್ಲದ ಮದುವೆಮನೆಗೆ ಹೋದವನಂತೆ ಗೋಡೆಯ ಪಕ್ಕದಲ್ಲಿ ಫೋನು ನೋಡುತ್ತ ನಿಲ್ಲುವ ಸಂಕಟ ಮೊದಲ ದಿನ ಎಲ್ಲರಿಗೂ ಇರತಕ್ಕದ್ದೇ. ಅದನ್ನು ದಾಟಲು ಒಂದು ಸಣ್ಣ ಕ್ರಮ ಬಹಳ ಸಹಾಯಕ. ತಾಂತ್ರಿಕ ಬರಹಗಾರರ ರೈಟ್ ದ ಡಾಕ್ಸ್ ಸಮ್ಮೇಳನವನ್ನು ಕಟ್ಟಿದವರಲ್ಲೊಬ್ಬರಾದ ಎರಿಕ್ ಹೋಲ್ಷರ್ ಅದನ್ನು ಪ್ಯಾಕ್-ಮ್ಯಾನ್ ನಿಯಮವೆಂದು ಕರೆದರು. ನಾಲ್ಕಾರು ಮಂದಿ ನಿಂತು ಮಾತನಾಡುವಾಗ ವೃತ್ತವನ್ನು ಪೂರ್ತಿ ಮುಚ್ಚದೆ, ಆ ಹಳೆಯ ವಿಡಿಯೋ ಆಟದ ಬಾಯಿ ತೆರೆದ ಬೊಂಬೆಯ ಆಕಾರದಲ್ಲಿ, ಒಬ್ಬರು ಬಂದು ನಿಲ್ಲುವಷ್ಟು ಎಡೆಯನ್ನು ಸದಾ ಬಿಟ್ಟಿರಬೇಕು. ಒಬ್ಬರು ಬಂದು ಆ ಎಡೆಯನ್ನು ತುಂಬಿದರೆ ಉಳಿದವರು ತುಸು ಸರಿದು ಮತ್ತೊಂದು ಎಡೆಯನ್ನು ಮಾಡಬೇಕು. ಹೊರಗೆ ನಿಂತವರಿಗೆ ‘ಬರಬಹುದೇ?’ ಎಂದು ಕೇಳುವ ಕಷ್ಟವೇ ಇದರಿಂದ ತಪ್ಪುತ್ತದೆ, ತೆರೆದ ಜಾಗವೇ ಉತ್ತರ ಹೇಳುತ್ತದೆ. ನೀವು ಆ ಎಡೆಯಲ್ಲಿ ಹೋಗಿ ನಿಲ್ಲಿ. ಒಂದೆರಡು ನಿಮಿಷ ಕೇಳಿ, ಬಳಿಕ ಹೆಸರು ಹೇಳಿ, ಏನು ಮಾಡುತ್ತಿದ್ದೀರೆಂಬುದನ್ನು ಒಂದು ವಾಕ್ಯದಲ್ಲಿ ತಿಳಿಸಿದರೆ ಸಾಕು. ಇಂಗ್ಲಿಷ್ ತಡವರಿಸುವವರು ಬೆಂಗಳೂರಿನ ಸಭೆಯಲ್ಲಿ ಕನ್ನಡದಲ್ಲಿಯೇ ಆರಂಭಿಸಲಿ. ಆ ಗುಂಪಿನಲ್ಲಿ ಕನ್ನಡ ಬಲ್ಲವರೊಬ್ಬರು ಇದ್ದೇ ಇರುತ್ತಾರೆ, ಇಲ್ಲದಿದ್ದರೂ ಗ್ರಹಿಸಲು ಯತ್ನಿಸದಷ್ಟು ಒರಟರು ಈ ಸಮುದಾಯದಲ್ಲಿ ವಿರಳ.

ಮಿಂಚುಭಾಷಣಕ್ಕೆ ಹೆಸರು ಕೊಡುವ ಧೈರ್ಯ ಮಾಡಿ. ಅದಕ್ಕಿರುವುದು ಐದೇ ನಿಮಿಷ. ತಿಂಗಳುಗಟ್ಟಲೆ ಮುಂಚೆ ಪ್ರಸ್ತಾವ ಕಳುಹಿಸುವ ಅಗತ್ಯವಿಲ್ಲ. ನಿಮ್ಮೂರಿನ ಬಸ್ಸಿನ ವೇಳಾಪಟ್ಟಿಯನ್ನು ಫೋನಿನಲ್ಲಿ ತೋರಿಸುವ ಒಂದು ಸಣ್ಣ ಪ್ರೋಗ್ರಾಮನ್ನು ಬರೆದಿದ್ದರೂ ಸಾಕು. ಯಾವ ತೊಂದರೆಗಾಗಿ ಬರೆದಿರಿ, ಹೇಗೆ ಬರೆದಿರಿ, ಎಲ್ಲಿ ನಿಂತಿದೆ, ಯಾರ ನೆರವು ಬೇಕು ಎಂಬ ನಾಲ್ಕು ಮಾತು ಹೇಳಿ ಇಳಿದುಬಿಡಿ. ನಾಲ್ಕನೆಯದನ್ನು ಮರೆಯಬಾರದು. ನೆರವು ಬೇಕೆಂದು ವೇದಿಕೆಯಿಂದ ಕೇಳಿದವರನ್ನು ಹುಡುಕಿಕೊಂಡು ಜನ ಬರುತ್ತಾರೆ. ಅಂದಿನ ಸಂಜೆ ಪರಿಚಯ ಮಾಡಿಕೊಳ್ಳುವ ಭಾರ ನಿಮ್ಮ ಮೇಲಿರುವುದಿಲ್ಲ.

ಡೆವ್‌ಸ್ಪ್ರಿಂಟ್: ಸೋಮವಾರದ ಕೆಲಸ

ಡೆವ್‌ಸ್ಪ್ರಿಂಟಿನಲ್ಲಿ ಭಾಷಣವಿಲ್ಲ. ಒಂದೊಂದು ಮೇಜಿನ ಮೇಲೆ ಒಂದೊಂದು ಮುಕ್ತ ತಂತ್ರಾಂಶ ಯೋಜನೆಯ ಹೆಸರನ್ನು ಕಾಗದದ ಮೇಲೆ ಬರೆದು ಅಂಟಿಸಿರುತ್ತಾರೆ. ಆ ಯೋಜನೆಯನ್ನು ನೋಡಿಕೊಳ್ಳುವವರು ಅಲ್ಲಿಯೇ ಕುಳಿತಿರುತ್ತಾರೆ. ಸುತ್ತಲೂ ಲ್ಯಾಪ್‌ಟಾಪುಗಳು, ನೆಲದ ಮೇಲೆ ಎಕ್ಸ್‌ಟೆನ್ಷನ್ ಬೋರ್ಡುಗಳು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬ ವಿದ್ಯಾರ್ಥಿನಿ ಟೆಸ್ಟುಗಳನ್ನು ಓಡಿಸುತ್ತಾಳೆ; ಎರಡು ಕೆಂಪಾಗುತ್ತವೆ. ತನ್ನದೇ ತಪ್ಪೆಂದು ಅವಳು ಮುಖ ತಗ್ಗಿಸುವಷ್ಟರಲ್ಲಿ ನಿರ್ವಾಹಕರು ಬಗ್ಗಿ ನೋಡಿ, ‘ಇದು ನಮ್ಮ ತಪ್ಪು, ಹೊಸ ಆವೃತ್ತಿಯಲ್ಲಿ ಮುರಿದಿದೆ, ನೀವೇ ಸರಿಮಾಡಬಹುದಲ್ಲ’ ಎನ್ನುತ್ತಾರೆ. ಸಂಜೆಯ ಹೊತ್ತಿಗೆ ಅವಳು ತಿದ್ದಿದ ಆರು ಸಾಲುಗಳು ಆ ಯೋಜನೆಯ ಮೂಲದೊಳಗೆ ಸೇರಿರುತ್ತವೆ, ಅವಳ ಹೆಸರಿನೊಡನೆ. ಇದೇ ಮಾರ್ಪಾಟನ್ನು ಮನೆಯಿಂದ ಕಳುಹಿಸಿದ್ದರೆ ಪ್ರಶ್ನೋತ್ತರಗಳಲ್ಲಿ ವಾರಗಳು ಕಳೆದು, ಮೊದಲ ಕಠಿಣ ಮಾತಿಗೇ ಅವಳು ಕೈಬಿಡುತ್ತಿದ್ದಳೋ ಏನೋ. ಒಂದೇ ಮೇಜಿಗೆ ಕುಳಿತಾಗ ಸಂದೇಹ ಹುಟ್ಟಿದ ಕ್ಷಣದಲ್ಲಿಯೇ ಪರಿಹಾರವಾಗುತ್ತದೆ, ಬರೆದ ಅಕ್ಷರದಲ್ಲಿ ಒರಟಾಗಿ ತೋರುವ ಟೀಕೆ ಮುಖ ನೋಡಿ ಹೇಳಿದಾಗ ಪಾಠವಾಗುತ್ತದೆ. ಡೆವ್‌ಸ್ಪ್ರಿಂಟು ಫಲಿಸುವುದು ಈ ಕಾರಣದಿಂದ.

ಸಿದ್ಧತೆಯಿಲ್ಲದೆ ಹೋದರೆ ದಿನವೆಲ್ಲ ಡೌನ್‌ಲೋಡಿನಲ್ಲಿ ಕಳೆಯುತ್ತದೆ. ನೂರಾರು ಜನ ಒಂದೇ ವೈಫೈಯನ್ನು ಹಂಚಿಕೊಳ್ಳುವ ಸ್ಥಳವಾದ್ದರಿಂದ ಹಿಂದಿನ ರಾತ್ರಿಯೇ ಈ ಕ್ರಮವನ್ನು ಮುಗಿಸಿ:

1. ಗಿಟ್ ಇನ್‌ಸ್ಟಾಲ್ ಮಾಡಿ, ನೀವು ಸೇರಬೇಕೆಂದಿರುವ ಯೋಜನೆಯ ಮೂಲವನ್ನು ಕ್ಲೋನ್ ಮಾಡಿಟ್ಟುಕೊಳ್ಳಿ.

2. ವರ್ಚುವಲ್ ಎನ್ವಿರಾನ್‌ಮೆಂಟ್ ನಿರ್ಮಿಸಿ, ಯೋಜನೆಯು ಅವಲಂಬಿಸಿರುವ ಎಲ್ಲ ಪ್ಯಾಕೇಜುಗಳನ್ನು ತುಂಬಿಕೊಳ್ಳಿ.

3. ಏನನ್ನೂ ತಿದ್ದುವ ಮುನ್ನ ಟೆಸ್ಟುಗಳನ್ನು ಒಮ್ಮೆ ಓಡಿಸಿ ಫಲಿತವನ್ನು ಬರೆದಿಟ್ಟುಕೊಳ್ಳಿ. ನಾಳೆ ಮುರಿದದ್ದು ನಿಮ್ಮಿಂದಲೋ ಮೊದಲೇ ಮುರಿದಿತ್ತೋ ಎಂಬುದಕ್ಕೆ ಅದೊಂದೇ ಸಾಕ್ಷಿ.

4. ‘ಗುಡ್ ಫಸ್ಟ್ ಇಷ್ಯೂ’ ಎಂದು ಗುರುತು ಹಾಕಿರುವ ತೊಡಕುಗಳನ್ನು ಓದಿ ಎರಡನ್ನು ಆರಿಸಿಕೊಳ್ಳಿ. ಒಂದನ್ನು ಬೇರೆಯವರು ಕೈಗೆತ್ತಿಕೊಂಡಿದ್ದರೆ ಮತ್ತೊಂದಿರುತ್ತದೆ.

ಪ್ರೋಗ್ರಾಮಿಂಗಿನಲ್ಲಿ ಇನ್ನೂ ಕೈಕುದುರಿಲ್ಲವೆನ್ನುವವರಿಗೂ ಕನ್ನಡ ಬಲ್ಲವರೆಂಬ ಕಾರಣಕ್ಕೇ ಮಾಡಬಹುದಾದ ಕೆಲಸವಿದೆ. ‘ಸೂರ್ಯ’ ಎಂಬಲ್ಲಿ ಅರ್ಕಾವೊತ್ತು ಬರಬೇಕು. ‘ರ‍್ಯಾಂಕ್’ ಎಂಬಲ್ಲಿ ಬರಬಾರದು, ರಕಾರವೇ ನಿಂತು ಯಕಾರ ಒತ್ತಾಗಬೇಕು. ಯೂನಿಕೋಡಿನಲ್ಲಿ ಈ ಎರಡಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣದ ಒಂದು ಜೋಡಕ ಸಂಜ್ಞೆ ಮಾತ್ರ. ಅಕ್ಷರಗಳನ್ನು ಜೋಡಿಸಿ ರೂಪ ಕೊಡುವ ಹಾರ್ಫ್‌ಬಜ್‌ನಂಥ ಲೈಬ್ರರಿ ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಎಲ್ಲದರ ಒಳಗೂ ಇದೆ. ಆದರೆ ಅದನ್ನು ಬಳಸುವ ಯಾವುದೋ ಪ್ರೋಗ್ರಾಮು ಆ ಜೋಡಕವನ್ನು ನುಂಗಿಬಿಟ್ಟರೆ ‘ರ‍್ಯಾಂಕ್’ ಕೆಡುತ್ತದೆ, ಕೆಟ್ಟದ್ದು ಕನ್ನಡ ಓದದವರ ಕಣ್ಣಿಗೆ ಬೀಳುವುದೇ ಇಲ್ಲ. ಯಾವ ಪದ, ಯಾವ ಸಂಜ್ಞೆಗಳು ಯಾವ ಅನುಕ್ರಮದಲ್ಲಿ, ಪರದೆಯ ಮೇಲೆ ಏನು ಮೂಡಿತು, ಏನು ಮೂಡಬೇಕಾಗಿತ್ತು ಎಂಬುದನ್ನು ಚಿತ್ರಸಹಿತ ವರದಿಮಾಡಿದರೆ ಅದು ನೂರು ಸಾಲು ಕೋಡಿಗೆ ಸಮವಾದ ಸೇವೆ. ಪೈಥಾನಿನ ಮೇಜಿನಲ್ಲಿಯೇ ಕನ್ನಡ ಪಠ್ಯವನ್ನು ಪಿಡಿಎಫ್ ಮಾಡುವ, ಹುಡುಕುವ, ವಿಂಗಡಿಸುವ ಲೈಬ್ರರಿಗಳನ್ನು ಹೀಗೆ ಪರೀಕ್ಷಿಸಬಹುದು.

ಎಚ್ಚರಿಕೆಗಳು

ಮಳಿಗೆಗಳಲ್ಲಿ ಬ್ಯಾಡ್ಜಿನ ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಗೊಟ್ಟರೆ ನಿಮ್ಮ ಹೆಸರು, ಇಮೇಲ್ ಮುಂತಾದ ವಿವರಗಳು ಅವರ ಪಾಲಾಗಬಹುದು. ಒಂದು ಟೀ ಶರ್ಟಿಗಾಗಿ ಅದನ್ನು ಕೊಡಬೇಕೋ ಬೇಡವೋ ಎಂಬುದನ್ನು ಯೋಚಿಸಿ ನಿರ್ಧರಿಸಿ. ಕಂಪನಿಯ ಒಳಗಿನ ಕೋಡನ್ನಾಗಲಿ ಗ್ರಾಹಕರ ಮಾಹಿತಿಯನ್ನಾಗಲಿ ಪ್ರಶ್ನೆಯ ನೆಪದಲ್ಲಿಯೂ ತೆರೆದು ತೋರಿಸಬೇಡಿ. ಪರರ ಚಿತ್ರ ತೆಗೆಯುವ ಮುನ್ನ ಅನುಮತಿ ಕೇಳಿ. ಸಮ್ಮೇಳನದ ನಡವಳಿಕೆಯ ಸಂಹಿತೆಯನ್ನು ಮೊದಲೇ ಓದಿ, ದೂರು ಕೊಡಬೇಕಾದ ದೂರವಾಣಿ ಸಂಖ್ಯೆಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಯಾರ ಮಾತಿನಿಂದಲೋ ವರ್ತನೆಯಿಂದಲೋ ಮನಸ್ಸಿಗೆ ಕಿರಿಕಿರಿಯಾದರೆ ಸಹಿಸಿಕೊಂಡು ಮನೆಗೆ ಹೋಗಬಾರದು. ಅದರಲ್ಲಿಯೂ ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗೆ ಈ ಮಾತನ್ನು ಒತ್ತಿ ಹೇಳಬಯಸುತ್ತೇನೆ: ದೂರು ಸಣ್ಣದೆಂದು ನೀವೇ ತೀರ್ಮಾನಿಸಬೇಡಿ, ಅದನ್ನು ತೂಗಿನೋಡುವ ಹೊಣೆ ಸಂಘಟಕರದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಊರಿನಿಂದ ಐದು ಮಂದಿ ಗೆಳೆಯರು ಕೂಡಿ ಬಂದು, ಐವರೂ ಎರಡು ದಿನ ಜೊತೆಯಲ್ಲಿಯೇ ಉಂಡು, ಜೊತೆಯಲ್ಲಿಯೇ ಕುಳಿತು, ತಮ್ಮತಮ್ಮಲ್ಲೇ ಮಾತನಾಡಿಕೊಂಡು ಹೋಗುವುದು ಅತ್ಯಂತ ಸಾಮಾನ್ಯವಾದ ತಪ್ಪು. ಹಗಲಿನಲ್ಲಿ ಬೇರೆಬೇರೆ ಸಭಾಂಗಣಗಳಿಗೆ ಚದರಿ, ರಾತ್ರಿ ಸೇರಿ ಕಂಡದ್ದನ್ನು ಹಂಚಿಕೊಂಡರೆ ಐದು ಪಟ್ಟು ಲಾಭ.

ಎದುರಿಗೆ ಸಿಕ್ಕವರನ್ನೆಲ್ಲ ಕೆಲಸ ಕೊಡುವವರೆಂದು ಭಾವಿಸಿ ರೆಸ್ಯುಮೆ ಕೈಗಿಡುವುದು ಎರಡನೆಯದು. ನೌಕರಿ ಬೇಕೆನ್ನುವುದು ತಪ್ಪಲ್ಲ, ಅದನ್ನು ನೇರವಾಗಿ ಹೇಳಬಹುದು. ಆದರೆ ಮೊದಲು ನಿಮ್ಮ ಕೆಲಸ ಮಾತನಾಡಲಿ.

ಮೂರನೆಯದು ಇವೆರಡಕ್ಕಿಂತ ಗಂಭೀರ. ಲೆಕ್ಕಕ್ಕೊಂದು ಕೊಡುಗೆಯಾಗಲೆಂದು ಯೋಜನೆಯ ರೀಡ್‌ಮಿ ಕಡತದಲ್ಲಿ ಒಂದು ವಿಶೇಷಣವನ್ನೋ ತಮ್ಮ ಹೆಸರನ್ನೋ ಸೇರಿಸಿ ಪುಲ್ ರಿಕ್ವೆಸ್ಟ್ ಕಳುಹಿಸುವ ಚಾಳಿ ನಮ್ಮ ವಿದ್ಯಾರ್ಥಿಗಳಲ್ಲಿ ಹಬ್ಬಿದೆ. 2020ರ ಅಕ್ಟೋಬರಿನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಅಭಿಯಾನದ ಟೀ ಶರ್ಟಿಗಾಗಿ ಇಂಥ ನಿರರ್ಥಕ ಕೋರಿಕೆಗಳ ಪ್ರವಾಹವೇ ಹರಿದು, ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಕಳುಹಿಸಬೇಕೆಂದು ಸಂಘಟಕರು ನಡುವಿನಲ್ಲಿಯೇ ನಿಯಮ ಬದಲಿಸಬೇಕಾಯಿತು. ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿಯುವ ನಿರ್ವಾಹಕರು ಅಂಥ ಒಂದೊಂದನ್ನೂ ತೆರೆದು ಓದಿ ಮುಚ್ಚಬೇಕು. ದಾಖಲೆಯ ನಿಜವಾದ ತಪ್ಪನ್ನು ತಿದ್ದುವುದು ಗೌರವದ ಕೆಲಸ, ತಿದ್ದಿದಂತೆ ತೋರಿಸಿಕೊಳ್ಳುವುದು ಪರರ ಹೊತ್ತಿನ ಅಪಹರಣ.

ಊರಿಗೆ ಮರಳಿದ ಮೇಲೆ ಸುಮ್ಮನಾಗುವುದು ಕೊನೆಯ ತಪ್ಪು. ಒಂದು ವಾರದೊಳಗೆ, ನಿಮ್ಮೊಡನೆ ಮಾತನಾಡಿದ ಇಬ್ಬರಿಗಾದರೂ ಚಿಕ್ಕದೊಂದು ಪತ್ರ ಬರೆಯಿರಿ. ಅವರು ಹೇಳಿದ್ದರಲ್ಲಿ ಯಾವುದನ್ನು ಮಾಡಿ ನೋಡಿದಿರಿ, ಏನಾಯಿತು ಎಂಬುದಷ್ಟೇ ಅದರಲ್ಲಿರಲಿ.

ಸಂಘಟಕರಿಗೂ ಕಂಪನಿಗಳಿಗೂ

ಪ್ರಾಯೋಜಕರ ಹಣವಿಲ್ಲದೆ ಸಮ್ಮೇಳನ ನಡೆಯದೆಂಬುದು ದಿಟ. ಟಿಕೆಟಿನ ದರ ವಿದ್ಯಾರ್ಥಿಗಳ ಕೈಗೆಟುಕುವಂತಿರುವುದೂ ಆ ಹಣದಿಂದಲೇ. ಅವರಿಗೆ ಮಳಿಗೆ ಕೊಡಿ, ಫಲಕ ಕೊಡಿ, ಪ್ರಾಯೋಜಿತವೆಂದು ಸ್ಪಷ್ಟವಾಗಿ ಸೂಚಿಸಿ ಭಾಷಣದ ಹೊತ್ತನ್ನೂ ಕೊಡಿ. ಸಭಿಕರಿಗೆ ಮೀಸಲಾದ ಹೊತ್ತನ್ನು ಮಾತ್ರ ಕೊಡಬೇಡಿ. ಭಾಷಣಗಳ ಸಂಖ್ಯೆಯನ್ನು ಒಂದೆರಡು ಕಡಿಮೆ ಮಾಡಿ ಬಿಡುವನ್ನು ಹಿಗ್ಗಿಸಿ. ಹೊಸಬರನ್ನು ಮೇಜಿನವರೆಗೆ ಕರೆದೊಯ್ಯಲು ನಾಲ್ವರು ಸ್ವಯಂಸೇವಕರನ್ನು ನೇಮಿಸಿ. ಬೆಂಗಳೂರಿನಲ್ಲಿ ಸಭೆ ನಡೆಯುವಾಗ ಪ್ರಶ್ನೆಗಳನ್ನು ಕನ್ನಡದಲ್ಲಿಯೂ ಕೇಳಬಹುದೆಂದು ವೇದಿಕೆಯಿಂದ ಒಮ್ಮೆ ಘೋಷಿಸಿ; ಅದಕ್ಕೆ ಖರ್ಚೇನೂ ಇಲ್ಲ.

ಕಂಪನಿಗಳಲ್ಲಿ ಸಮ್ಮೇಳನದ ಟಿಕೆಟುಗಳನ್ನು ಹಂಚುವ ಅಧಿಕಾರವುಳ್ಳವರಲ್ಲಿ ನನ್ನದೊಂದು ಬಿನ್ನಹವಿದೆ. ಅವು ಪ್ರತಿವರ್ಷವೂ ಹಿರಿಯ ಹುದ್ದೆಯಲ್ಲಿರುವವರಿಗೇ ಸಲ್ಲುವುದನ್ನು ನಿಲ್ಲಿಸಿ, ಕಳೆದ ವರ್ಷ ಕೆಲಸಕ್ಕೆ ಸೇರಿದವರಿಗೆ ಕೊಡಿ. ಡೆವ್‌ಸ್ಪ್ರಿಂಟ್ ನಡೆಯುವುದು ಸೋಮವಾರ. ಆ ದಿನ ಅವರಿಗೆ ರಜೆಯನ್ನೂ ಕೊಡಿ.